ಹೆರನ್ಸ್‌ನವರಿಗೆ ಹೊದಿಸಿದ ಶಾಲು

ಸಿಂಧು, ನೀನು ಕಳಿಸಿದ ಎರಡು ಪ್ಯಾರಾ ಓದಿದೆ. ನಿನ್ನ ತಪ್ಪಲ್ಲ ಬಿಡಮ್ಮ. ನೀನು ಧಾರವಾಡದಿಂದ ಬಂದು ಇನ್ನೂ ಆರು ತಿಂಗಳಾಗಿಲ್ಲ, ಅಷ್ಟರಲ್ಲಿ ನಮ್ಮ ಕನ್ನಡ ಕೂಟದ ಸ್ಮರಣ ಸಂಚಿಕೆ ನಿನ್ನ ತಲೆಗೆ ಕಟ್ಟಿದಾರೆ. ಪ್ರೆಸಿಡೆಂಟು ವಿಕ್ರಾಂತ್ ಏನು ಹೇಳಿದ್ನೋ ಅದನ್ನ ನೀನು ಟೈಪ್ ಮಾಡಿದೀಯ. "ಕೆಲವು ತಪ್ಪು ತಿಳುವಳಿಕೆಗಳಿಂದಾಗಿ ಈ ಬಾರಿ ಕ್ರೀಡಾಂಗಣದಲ್ಲಿ ಡೊಳ್ಳು ಕಾರ್ಯಕ್ರಮ ನಡೆಯಲಿಲ್ಲ." ತಪ್ಪು ತಿಳುವಳಿಕೆ! ಯಾರದ್ದು? ಸಂಬಳ ತಗೊಂಡು ಆಡೋ ಒಂದು ಪ್ರೊಫೆಷನಲ್ ಬೇಸ್‌ಬಾಲ್ ಟೀಮು ನಮ್ಮ ಹನ್ನೊಂದು ಹೆಣ್ಣುಮಕ್ಕಳ ಕೈಯಲ್ಲಿ ಮೋಸ ಮಾಡಿಸಿ ಕಪ್ ಹೊಡೀತು. ಸಿಕ್ಕಿಹಾಕ್ಕೊಂಡಾಗ ಅದೇ ಹೆಣ್ಣುಮಕ್ಕಳ ಮೇಲೆ ಎತ್ತಿಹಾಕ್ತು. ಇದಕ್ಕೆ ತಪ್ಪು ತಿಳುವಳಿಕೆ ಅಂತಾರಾ? ನಿಮ್ಮ ಧಾರವಾಡದಲ್ಲಿ ಇದಕ್ಕೆ ಏನಂತಾರೋ ಅದನ್ನೇ ಬರಿ, ನನ್ನ ಅಭ್ಯಂತರ ಇಲ್ಲ.

ನನಗೆ ಫೋನಲ್ಲಿ ಟೈಪ್ ಮಾಡೋಕೆ ಬರಲ್ಲ, ಒಂದು ಅಕ್ಷರ ಒತ್ತಿದ್ರೆ ಮೂರು ಬೀಳುತ್ತೆ. ಮಾತಾಡ್ತಾ ಹೋಗ್ತೀನಿ, ನೀನು ಕೇಳಿಸ್ಕೊಂಡು ಬರ್ಕೋ. ಬೈಗುಳ ಬಂದ್ರೆ ತೆಗೆಯೋಕೆ ಹೋಗ್ಬೇಡ.

ಹೆರನ್ಸ್ ಅಂದ್ರೆ ಯಾರು ಅಂತ ನಿನಗೆ ಗೊತ್ತಿರಲ್ಲ. ನಮ್ಮ ಈ ಓಲ್ಡ್ ಬ್ರಿಡ್ಜ್ ಊರಿಂದ ಇಪ್ಪತ್ತು ನಿಮಿಷ ಡ್ರೈವ್ ಮಾಡಿದ್ರೆ ಒಂದು ಸಣ್ಣ ಸ್ಟೇಡಿಯಂ ಇದೆ, ಐದು ಸಾವಿರ ಜನ ಹಿಡಿಯುತ್ತೆ. ರಾರಿಟನ್ ಹೆರನ್ಸ್ ಅಂತ ಟೀಮು. ಟಿವಿಯಲ್ಲಿ ಬರೋ ದೊಡ್ಡ ಲೀಗ್ ಅಲ್ಲ ಇದು. ದೊಡ್ಡ ಲೀಗಿಂದ ಬಿದ್ದವರು, ಅಲ್ಲಿಗೆ ಹತ್ತೋಕೆ ಒದ್ದಾಡೋರು, ಇಬ್ಬರೂ ಸೇರಿ ಆಡೋ ಸಣ್ಣ ಲೀಗು. ನಾನು ಮೈಸೂರಲ್ಲಿ ಇಪ್ಪತ್ತೆರಡು ವರ್ಷ ಲೀಗ್ ಕ್ರಿಕೆಟ್ಟಿಗೆ ಸ್ಕೋರರ್ ಆಗಿದ್ದವನು. ಹೊಟ್ಟೆಪಾಡಿಗೆ ಸೇತುವೆ ಇಂಜಿನಿಯರು, ಶನಿವಾರ ಭಾನುವಾರ ಸ್ಕೋರರು. ಇಲ್ಲಿಗೆ ಬಂದು ರಿಟೈರ್ ಆದ್ಮೇಲೆ ಕೈ ತುರಿಸ್ತಿತ್ತು. ಹೆರನ್ಸ್ ಸೀಸನ್ ಟಿಕೆಟ್ ತಗೊಂಡು, ಉದ್ದನೆ ನೋಟ್‌ಬುಕ್ಕು, ಎರಡು ಬಣ್ಣದ ಪೆನ್ನು ಹಿಡ್ಕೊಂಡು ಕೂತ್ಕೋತಿದ್ದೆ. ಒಂದೊಂದು ಎಸೆತಾನೂ ಬರೀತೀನಿ, ಕನ್ನಡದಲ್ಲಿ, ನನ್ನದೇ ಗುರುತುಗಳಲ್ಲಿ. ಬೋರ್ಡ್ ಮೇಲೆ ಪ್ರತಿ ಎಸೆತದ ಸ್ಪೀಡ್ ತೋರಿಸ್ತಾರಲ್ಲ, ಅದನ್ನೂ ಬರೀತೀನಿ. ನಮ್ಮ ರಮಾಮಣಿ ಕೇಳ್ತಾಳೆ, "ಏನೂಂದ್ರೆ, ಯಾರು ಓದ್ತಾರೆ ಇದನ್ನ?" ಯಾರೂ ಓದಲ್ಲ. ಓದ್ಲಿ ಅಂತ ಬರೆಯೋದಲ್ಲ ಸ್ಕೋರ್ ಬುಕ್ಕು.

ಇನ್ನು ನಳಿನಾಕ್ಷಿ. ಅವಳ ಪರಿಚಯ ನಿನಗಿದೆ, ಆದ್ರೆ ಡೊಳ್ಳು ಹಿಡಿದಾಗ ನೋಡಿಲ್ಲ. ಹೈಸ್ಕೂಲಲ್ಲಿ ಗಣಿತದ ಟೀಚರು. ಪರೀಕ್ಷೆಯಲ್ಲಿ ಒಬ್ಬ ಹುಡುಗ ಪಕ್ಕದವನ ಪೇಪರ್ ಇಣುಕಿ ನೋಡಿದ ಅಂತ ಸೊನ್ನೆ ಕೊಟ್ಟು, ಅವನ ಅಪ್ಪ ಬಂದು ಕೂಗಾಡಿದ್ರೂ ಒಂದು ಮಾರ್ಕು ಏರಿಸದೇ ಇದ್ದವಳು. ಅವಳ ಗಂಡ ಶಿವಕುಮಾರ ಹೇಳ್ತಿರ್ತಾನೆ, "ಅಂಕಲ್, ಮನೇಲಿ ಸ್ಕ್ರ್ಯಾಬಲ್ ಆಡೋಕೂ ಭಯ ಆಗುತ್ತೆ." ಹಾವೇರಿ ಕಡೆಯಿಂದ ಡೊಳ್ಳು ತರಿಸಿ, ಏಳು ವರ್ಷ ಬೇಸ್‌ಮೆಂಟಲ್ಲಿ ಪ್ರಾಕ್ಟೀಸ್ ಮಾಡಿ, ಹನ್ನೊಂದು ಜನ ಹೆಂಗಸರ ತಂಡ ಕಟ್ಟಿದ್ಲು. ಡಾಕ್ಟರುಗಳಿದಾರೆ, ಐಟಿಯವರಿದಾರೆ, ಒಬ್ಬಳು ಅಜ್ಜಿ ಆಗಿದಾಳೆ.

ಹಿಂದಿನ ವರ್ಷ ಹೆರನ್ಸ್‌ನವರು ಕನ್ನಡ ನೈಟ್ ಅಂತ ಮಾಡಿದ್ರು. ಡೊಳ್ಳು ಕೇಳಿ ಅವರಿಗೆ ಹುಚ್ಚು ಹಿಡೀತು. ಮಾರನೇ ವಾರ ಅವರ ಆಫೀಸಿಂದ ಟಾಡ್ ಬ್ರೆನ್ನನ್ ಅನ್ನೋನು ಬಂದ. ಮೂವತ್ತೈದು ವರ್ಷ, ಒಳ್ಳೆ ನಗು, ಎಲ್ಲರನ್ನೂ ಎರಡು ಕೈಯಲ್ಲಿ ಹಿಡ್ಕೊಂಡು ಮಾತಾಡ್ಸೋ ಜಾತಿ. ವಿಡಿಯೊ ಕೋಆರ್ಡಿನೇಟರ್ ಅಂತ ಹುದ್ದೆ. "ನೀವು ಪ್ರತಿ ಹೋಮ್ ಗೇಮಿಗೂ ಬರ್ಬೇಕು. ಫಸ್ಟ್ ಬೇಸ್ ಹಿಂದೆ ನಿಮಗೇ ಒಂದು ಸಾಲು ಬಿಡ್ತೀವಿ. ನಳಿನಾ ಕಿವಿಗೆ ಒಂದು ಇಯರ್‌ಪೀಸ್ ಹಾಕ್ತೀವಿ. ನಾನು ನೌ ಅಂದಾಗ ಎರಡು ಪೆಟ್ಟು, ಅಷ್ಟೇ. ನಾನು ಸುಮ್ನಿದ್ರೆ ನೀವೂ ಸುಮ್ನಿರಿ. ಜನಕ್ಕೆ ಸಸ್ಪೆನ್ಸ್ ಇರ್ಬೇಕು." ನಮ್ಮೋರು ಕುಣಿದಾಡಿದ್ರು. ವಿಕ್ರಾಂತಂತೂ ದೊಡ್ಡ ಸ್ಕ್ರೀನ್ ಮೇಲೆ ಕೂಟದ ಹೆಸರು ಬಂದಾಗೆಲ್ಲ ಎದ್ದು ನಿಂತು ಫೋಟೋ ತೆಗೀತಿದ್ದ. ಬೇಸಿಗೆ ಪೂರ್ತಿ ಡೊಳ್ಳು ಬಾರಿಸಿದ್ರು. ಹೆರನ್ಸ್ ಹೋಮ್ ಗ್ರೌಂಡಲ್ಲಿ ಗೆದ್ದಿದ್ದೇ ಗೆದ್ದಿದ್ದು. ಸೆಪ್ಟೆಂಬರಲ್ಲಿ ಕಪ್ಪೂ ಬಂತು.

ಈಗ ನನ್ನ ವಿಷಯಕ್ಕೆ ಬರ್ತೀನಿ. ಇದನ್ನ ಹೇಳದೆ ತಪ್ಪಿಸ್ಕೊಳ್ಳೋಣ ಅಂತಿದ್ದೆ, ಆಮೇಲೆ ಬೇಡ ಅನ್ನಿಸ್ತು.

ನವೆಂಬರಲ್ಲಿ ನಮ್ಮ ರಾಜ್ಯೋತ್ಸವ. ಯಾರಿಗಾದ್ರೂ ಸನ್ಮಾನ ಮಾಡದೆ ನಮಗೆ ಫಂಕ್ಷನ್ ಮುಗಿಸೋಕೆ ಬರಲ್ಲ, ನಿನಗೇ ಗೊತ್ತು. ಈ ಸಲ ಟಾಡ್ ಅಂತ ತೀರ್ಮಾನ ಆಯ್ತು. ಮೈಸೂರು ಪೇಟ, ಹಾರ, ಹಣ್ಣಿನ ಬುಟ್ಟಿ, ಶಾಲು. ಶಾಲು ನಾನೇ ಇಂಡಿಯನ್ ಅಂಗಡಿಗಳಿರೋ ಜ್ಯಾಕ್ಸನ್ ಹೈಟ್ಸಿಗೆ ಹೋಗಿ ತಂದೆ. ಎಪ್ಪತ್ತನಾಲ್ಕನೇ ಬೀದಿಯಲ್ಲಿ ಮೂರು ಅಂಗಡಿ ಹತ್ತಿ ಇಳಿದು, ಮೆರೂನ್ ಬಣ್ಣ, ಜರಿ ಅಂಚು. ಬಿನ್ನವತ್ತಳೆ ಬರೆಯೋದು ಇಪ್ಪತ್ತು ವರ್ಷದಿಂದ ನನ್ನ ಕೆಲಸ. ಬೇರೆಯವರು ಬರೆದ್ರೆ ಎಲ್ಲರಿಗೂ ಒಂದೇ ಮಾತು, ಸರಳ, ಸಜ್ಜನ, ಕನ್ನಡಾಭಿಮಾನಿ. ಹೆಸರು ಬದಲಾಯಿಸಿದ್ರೆ ಯಾರಿಗೆ ಬೇಕಾದ್ರೂ ಆಗುತ್ತೆ. ನಾನು ಹಾಗಲ್ಲ, ಆ ಮನುಷ್ಯ ಏನು ಮಾಡ್ತಾನೆ ಅಂತ ಕೇಳಿ ತಿಳ್ಕೊಂಡು ಬರೀತೀನಿ. ಟಾಡ್ ಹತ್ರ ಹೋಗಿ ಕೂತೆ. "ನಿನ್ನ ಕೆಲಸ ತೋರಿಸಪ್ಪ" ಅಂದೆ.

ತೋರಿಸಿದ. ಸ್ಟೇಡಿಯಂ ಹಿಂದುಗಡೆ ಒಂದು ಸಣ್ಣ ರೂಮು, ಮೂರು ಟಿವಿ. ಮೈದಾನದ ಆ ತುದಿಯಲ್ಲಿ, ಸೆಂಟರ್ ಫೀಲ್ಡಲ್ಲಿ, ಕ್ಯಾಮರಾ ಇಟ್ಟು ಎದುರಾಳಿ ಕ್ಯಾಚರ್‌ನ ಬೆರಳನ್ನ ಇಷ್ಟು ದೊಡ್ಡದು ಮಾಡಿ ಹಿಡಿದಿದ್ದ. ಬೇಸ್‌ಬಾಲಲ್ಲಿ ಕ್ಯಾಚರ್ ನಮ್ಮ ವಿಕೆಟ್ ಕೀಪರ್ ಥರ ಬ್ಯಾಟರ್ ಹಿಂದೆ ಕುಕ್ಕರಗಾಲಲ್ಲಿ ಕೂತು, ತೊಡೆ ಮಧ್ಯೆ ಬೆರಳು ತೋರಿಸಿ, ಎಸೆಯೋನಿಗೆ ಹೇಳ್ತಾನೆ: ಒಂದು ಬೆರಳು ಅಂದ್ರೆ ವೇಗದ್ದು, ಎರಡು ಅಂದ್ರೆ ನಿಧಾನದ್ದು, ತಿರುಗೋದು. ದೊಡ್ಡ ಲೀಗಲ್ಲಿ ಈಗ ಗುಂಡಿ ಒತ್ತಿ ಹೇಳ್ತಾರೆ, ಇಲ್ಲಿ ಇನ್ನೂ ಬೆರಳೇ. ಯಾವ ಚೆಂಡು ಬರುತ್ತೆ ಅಂತ ಮುಂಚೆ ಗೊತ್ತಾದ್ರೆ ಬ್ಯಾಟರ್‌ಗೆ ಅರ್ಧ ಕೆಲಸ ಮುಗೀತು. "ನಾನು ಇದನ್ನ ಓದಿ ನಳಿನಾಗೆ ನೌ ಅಂತೀನಿ ಕ್ರಿಶ್, ಯಾಕೆ ಅಂತ ಅವಳಿಗೂ ಗೊತ್ತಿಲ್ಲ" ಅಂದ ನಗ್ತಾ. ಕೃಷ್ಣಸ್ವಾಮಿ ಅನ್ನೋಕೆ ಅವನಿಗೆ ನಾಲಗೆ ಹೊರಳಲ್ಲ.

ಆಗ ನನಗೆ ಗೊತ್ತಾಗ್ಲಿಲ್ವಾ? ಸಿಂಧು, ಗೊತ್ತಾಗ್ಲಿಲ್ಲ ಅಂದ್ರೆ ಅರ್ಧ ಸುಳ್ಳು. ನಮ್ಮ ಕ್ರಿಕೆಟ್ಟಲ್ಲಿ ಬೌಲರ್ ಕೈ ನೋಡಿ ಗೂಗ್ಲಿ ಓದೋದು ಒಂದು ಕಲೆ. ಓದೋನನ್ನ ಹೊಗಳ್ತೀವಿ. ಕ್ಯಾಮರಾ ಇಟ್ಟು ಕದ್ದು ಓದೋದು ಇಲ್ಲಿ ಮೋಸ, ನಾನು ಅದನ್ನೂ ಅದೇ ಲೆಕ್ಕಕ್ಕೆ ಹಾಕ್ಬಿಟ್ಟೆ. ಇನ್ನರ್ಧ ಏನಂದ್ರೆ, ನನ್ನನ್ನ ಒಳಗಡೆ ಕೂರಿಸಿ ಕಾಫಿ ಕೊಟ್ಟ, ಟೀಮಿನ ಟೋಪಿ ಕೊಟ್ಟ. ಎಪ್ಪತ್ತಾರು ವರ್ಷದ ಮುದುಕ ಟೋಪಿ ಹಾಕ್ಕೊಂಡು ಖುಷಿಯಾಗಿ ಮನೆಗೆ ಬಂದು, ಒಂದೇ ಸಲಕ್ಕೆ ಬಿನ್ನವತ್ತಳೆ ಬರೆದೆ. ಸ್ಟೇಜ್ ಮೇಲೆ ನಾನೇ ಓದಿದೆ. ಊಟದ ಹೊತ್ತು, ಸಭೆಯಲ್ಲಿ ಯಾರೂ ಕಿವಿಗೆ ಹಾಕ್ಕೊಳ್ಲಿಲ್ಲ. ಟಾಡ್‌ಗೆ ಒಂದಕ್ಷರ ಅರ್ಥ ಆಗ್ಲಿಲ್ಲ. ಕಣ್ಣಲ್ಲಿ ನೀರು ಮಾತ್ರ ತುಂಬ್ಕೊಂಡ.

ನಿಲ್ಲು, ರಮಾಮಣಿ ಕೂಗ್ತಿದಾಳೆ. ಮಾತ್ರೆಯಂತೆ. ತಗೊಂಡು ಬರ್ತೀನಿ.

ಹಾಂ. ಜನವರಿಯಲ್ಲಿ ವಿಕ್ರಾಂತ್ ಫೋನ್ ಮಾಡಿದ. "ಅಂಕಲ್, ವಾರ್ಷಿಕ ವರದಿಗೆ ನಮ್ಮ ಡೊಳ್ಳು ಒಟ್ಟು ಎಷ್ಟು ಸಲ ಬಾರಿಸಿದ್ರು ಅಂತ ಒಂದು ನಂಬರ್ ಬೇಕು, ನೋಡೋರಿಗೆ ಇಂಪ್ರೆಸಿವ್ ಆಗಿರ್ಬೇಕು." ಸರಿ ಅಂತ ಸ್ಕೋರ್ ಬುಕ್ ತೆಗೆದೆ. ಡೊಳ್ಳು ಬಿದ್ದಾಗೆಲ್ಲ ಆ ಎಸೆತದ ಪಕ್ಕ "ಡೊ" ಅಂತ ಕೆಂಪು ಪೆನ್ನಲ್ಲಿ ಹಾಕಿದ್ದೆ, ನಮ್ಮವರು ಬಾರಿಸಿದ್ದು ದಾಖಲಾಗ್ಲಿ ಅಂತ. ಫೈನಲ್ ಮ್ಯಾಚಿನ ಪುಟ ಮೊದಲು ತೆಗೆದೆ. ಎಣಿಸ್ತಾ ಹೋದೆ, ನಲವತ್ತನಾಲ್ಕು. ಎಣಿಸ್ತಾ ಇದ್ದಂಗೆ ಕಣ್ಣು ಪಕ್ಕದ ಅಂಕಿ ಮೇಲೆ ಹೋಯ್ತು. ಡೊ, ಎಪ್ಪತ್ತೆಂಟು ಮೈಲಿ. ಡೊ, ಎಪ್ಪತ್ತಾರು. ಡೊ, ಎಪ್ಪತ್ತೊಂಬತ್ತು. ಡೊ ಇಲ್ಲದ ಕಡೆ ತೊಂಬತ್ತೊಂದು, ತೊಂಬತ್ಮೂರು, ತೊಂಬತ್ತು. ನಲವತ್ತನಾಲ್ಕರಲ್ಲಿ ನಲವತ್ತೊಂದು ಡೊ ನಿಧಾನದ ಚೆಂಡಿನ ಪಕ್ಕ. ಎದುರಿನ ಟೀಮು ಬ್ಯಾಟ್ ಮಾಡುವಾಗ ಒಂದು ಡೊಳ್ಳೂ ಇಲ್ಲ.

ಪುಟ ತಿರುಗಿಸ್ದೆ, ಹಿಂದಿನ ಮ್ಯಾಚು, ಅದರ ಹಿಂದಿನ ಮ್ಯಾಚು. ಎಲ್ಲ ಕಡೆ ಅದೇ. ಫೈನಲಲ್ಲಿ ಎದುರು ಟೀಮಿಗೆ ಎಸೆದ ಹುಡುಗ ನೆನಪಾದ. ಒಂದೇ ಇನ್ನಿಂಗ್ಸಲ್ಲಿ ಒಂಬತ್ತು ರನ್ ಹೊಡೆಸ್ಕೊಂಡು, ಟೋಪಿ ತೆಗೆದು ತಲೆ ಒರೆಸ್ಕೊಂಡು, ತನ್ನ ಕೈಯನ್ನೇ ನೋಡ್ಕೋತಾ ನಿಂತಿದ್ದ. ಮಾರನೇ ವಾರ ಅವನನ್ನ ಟೀಮಿಂದ ತೆಗೆದ್ರು. ಆ ಹುಡುಗನ ಕೈಯಲ್ಲಿ ಏನೂ ಕೆಟ್ಟಿರ್ಲಿಲ್ಲ. ನಾವು ಬಾರಿಸ್ತಿದ್ವಿ. ಡೊಳ್ಳು ಬಿದ್ರೆ ನಿಧಾನದ್ದು, ಬೀಳದಿದ್ರೆ ವೇಗದ್ದು ಅಂತ ಹೆರನ್ಸ್ ಬ್ಯಾಟರ್‌ಗೆ ನಾವು ಸಾರಿ ಹೇಳ್ತಿದ್ವಿ, ಮಧ್ಯೆ ಚಪ್ಪಾಳೆ ಬೇರೆ ತಟ್ಕೋತಿದ್ವಿ.

ವಿಕ್ರಾಂತ್‌ಗೆ ಹೇಳಿದೆ. ಅವನಂದ, "ಅಂಕಲ್, ದಯವಿಟ್ಟು. ಬೇಸಿಗೆ ಪಿಕ್ನಿಕ್ಕಿಗೆ ಅವರೇ ಗ್ರೌಂಡ್ ಕೊಡ್ತಾರೆ. ನಿಮಗ್ಯಾಕೆ ಇದೆಲ್ಲ? ಎಲ್ಲಾ ಟೀಮೂ ಮಾಡುತ್ತೆ."

"ಎಲ್ಲಾ ಟೀಮೂ ನಿನ್ನ ಹೆಂಡತಿ ಕೈಲಿ ಮಾಡಿಸಲ್ವಲ್ಲೋ" ಅಂದೆ. ಅವನ ಹೆಂಡತಿ ಮಂಜರಿ ಮೂರನೇ ಡೊಳ್ಳು. ಫೋನ್ ಇಟ್ಟ.

ಸಿಟ್ಟಲ್ಲಿ ನೇರ ಲೀಗಿಗೆ ಬರೆದೆ. ಪುಟಗಳ ಫೋಟೋ ತೆಗೆದು ಕಳಿಸಿದೆ. ನಳಿನಾಕ್ಷಿನ ಒಂದು ಮಾತು ಕೇಳ್ಲಿಲ್ಲ. ಅದು ನನ್ನ ಎರಡನೇ ತಪ್ಪು.

ಹೆರನ್ಸ್‌ನವರು ಏನಂದ್ರು ಗೊತ್ತಾ? ಪೇಪರಲ್ಲಿ ಬಂತು. ಕ್ಲಬ್ಬಿಗೂ ಡೊಳ್ಳಿಗೂ ಸಂಬಂಧ ಇಲ್ಲ. ಅವರು ಟಿಕೆಟ್ ತಗೊಂಡು ಬಂದ ಪ್ರೇಕ್ಷಕರು, ಉತ್ಸಾಹ ಜಾಸ್ತಿ, ತಮ್ಮ ಪಾಡಿಗೆ ತಾವು ಬಾರಿಸಿದಾರೆ. ಆ ಗುಂಪಿನ ಲೀಡರ್ ಗಣಿತದ ಟೀಚರು, ಎಸೆತಗಳ ಪ್ಯಾಟರ್ನ್ ಆಕೆಯೇ ಲೆಕ್ಕ ಹಾಕಿರಬಹುದು. ವಿಚಾರಣೆ ಮುಗಿಯೋವರೆಗೆ ಆ ಗುಂಪಿಗೆ ಸ್ಟೇಡಿಯಂ ಒಳಗೆ ಪ್ರವೇಶ ಇಲ್ಲ. ಡೊಳ್ಳುಗಳನ್ನ ಚಳಿಗಾಲಕ್ಕೆ ಅಂತ ಅವರ ಸ್ಟೋರ್ ರೂಮಲ್ಲೇ ಇಟ್ಟಿದ್ರಲ್ಲ, ಅದಕ್ಕೂ ಬೀಗ ಹಾಕಿದ್ರು. ಗಣಿತದ ಟೀಚರಂತೆ! ಆ ಸಾಲು ಬರೆದವನು ಎದುರಿಗೆ ಸಿಕ್ಕಿದ್ರೆ ಈ ವಯಸ್ಸಲ್ಲೂ ಕೆನ್ನೆಗೆ ಬಿಟ್ಟಿರ್ತಿದ್ದೆ.

ನಳಿನಾ ಅವತ್ತು ಸಂಜೆ ನಮ್ಮ ಮನೆಗೆ ಬಂದ್ಲು. ಚಪ್ಪಲಿನೂ ಬಿಡ್ಲಿಲ್ಲ, ಬಾಗಿಲಲ್ಲೇ ನಿಂತ್ಲು.

"ಅಂಕಲ್, ನನ್ನನ್ನ ಒಂದು ಮಾತು ಕೇಳಿದ್ರಾ?"

"ಇಲ್ಲಮ್ಮ."

"ಇವತ್ತು ಥರ್ಡ್ ಪೀರಿಯಡ್‌ನಲ್ಲಿ ಬೋರ್ಡ್ ಕಡೆ ತಿರುಗಿದೆ. ಹಿಂದಿನಿಂದ ಯಾರೋ ಡೆಸ್ಕ್ ಮೇಲೆ ಎರಡು ಸಲ ಗುದ್ದಿದ್ರು. ದಬ್ ದಬ್. ಇಡೀ ಕ್ಲಾಸು ನಗ್ತು. ನಾನು ಸೊನ್ನೆ ಕೊಟ್ಟಿದ್ನಲ್ಲ, ಅದೇ ಹುಡುಗ ಕೈ ಎತ್ತಿ ಕೇಳ್ತಾನೆ, 'ಮಿಸೆಸ್ ಶಿವಕುಮಾರ್, ಡು ಯು ಗೆಟ್ ಎ ಝೀರೊ ಟೂ?' ನಾನೇನು ಹೇಳ್ಲಿ ಅವನಿಗೆ?"

ರಮಾಮಣಿ ಒಳಗೆ ಕರೆದ್ಲು. ಬರ್ಲಿಲ್ಲ.

"ಪ್ರಿನ್ಸಿಪಾಲ್ ಕರೆದು ಕೇಳಿದ್ರು. ಲೀಗಿನ ತೀರ್ಪಲ್ಲಿ ನನ್ನ ಹೆಸರು ಬಂದ್ರೆ ನಾನು ಆ ಕ್ಲಾಸಲ್ಲಿ ನಿಲ್ಲಲ್ಲ ಅಂಕಲ್. ಅವರು ತೆಗೀತಾರೋ ಬಿಡ್ತಾರೋ, ನಾನೇ ಬಿಡ್ತೀನಿ. ನಕಲು ಮಾಡ್ಬೇಡ ಅಂತ ಯಾವ ಬಾಯಲ್ಲಿ ಹೇಳ್ಲಿ?"

"ಸ್ಕೋರ್ ಬುಕ್ ಇದೆಯಲ್ಲಮ್ಮ."

"ನಾನು ಬಾರಿಸಿದೆ ಅಂತ ನಿಮ್ಮ ಬುಕ್ಕು ಹೇಳುತ್ತೆ. ಅವನು ಬಾರಿಸು ಅಂದ ಅಂತ ಎಲ್ಲಿ ಬರೆದಿದೆ?"

ಹೊರಟುಹೋದ್ಲು. ಗಣಿತದವಳು ನೋಡು, ಸರಿಯಾದ ಜಾಗಕ್ಕೇ ಹೊಡೆದ್ಲು. ಎಲ್ಲೂ ಬರೆದಿರ್ಲಿಲ್ಲ. ಇಮೇಲ್ ಇಲ್ಲ, ಚೀಟಿ ಇಲ್ಲ. ಟಾಡ್ ಎಲ್ಲ ಬಾಯಲ್ಲೇ ಮಾಡಿದ್ದ. ಇಯರ್‌ಪೀಸ್ ಕೂಡ ಪ್ರತಿ ಮ್ಯಾಚ್ ಆದ್ಮೇಲೆ ವಾಪಸ್ ಇಸ್ಕೋತಿದ್ದ.

ಮಾರ್ಚಲ್ಲಿ ವಿಚಾರಣೆ. ಎಲ್ಲಿಟ್ಟಿದ್ರು ಅಂದ್ಕೊಂಡೆ? ಅವರದೇ ಸ್ಟೇಡಿಯಂ ಆಫೀಸಲ್ಲಿ! ಕಳ್ಳನ ಮನೆ ಹಾಲಲ್ಲಿ ಪಂಚಾಯ್ತಿ. ಲೀಗಿನವರು ಒಬ್ಬ ರಿಟೈರ್ಡ್ ಜಡ್ಜಮ್ಮನ್ನ ಕೂರಿಸಿದ್ರು. ಕರಿಯ ಹೆಂಗಸು, ಎಪ್ಪತ್ತರ ಹತ್ರ, ಕನ್ನಡಕದ ಮೇಲಿಂದ ನೋಡೋಳು. ಆ ಕಡೆ ಟಾಡ್, ಅವರ ಲಾಯರ್, ಲಾಯರ್‌ಗೆ ಒಬ್ಬ ಅಸಿಸ್ಟೆಂಟು. ಈ ಕಡೆ ನಾನು, ನಳಿನಾ, ಶಿವಕುಮಾರ. ಕೂಟದಿಂದ? ಒಬ್ಬನೂ ಇಲ್ಲ. ವಿಕ್ರಾಂತ್‌ಗೆ ಅವತ್ತೇ ರಾಬಿನ್ಸ್‌ವಿಲ್ ದೇವಸ್ಥಾನಕ್ಕೆ ಹೋಗ್ಬೇಕಿತ್ತಂತೆ. ದೇವರಿಗೂ ಗೊತ್ತಾಗಿರುತ್ತೆ ಯಾಕೆ ಬಂದ ಅಂತ.

ನಾನು ಬುಕ್ ತೆಗೆದು ಒಂದು ಗಂಟೆ ಹೇಳಿದೆ. ಜಡ್ಜಮ್ಮ ಬರ್ಕೊಂಡ್ರು. ಆಮೇಲೆ ಆ ಲಾಯರ್ ಎದ್ದ. ಬುಕ್ಕನ್ನ ಎರಡು ಬೆರಳಲ್ಲಿ ಎತ್ತಿದ, ಒದ್ದೆ ಬಟ್ಟೆ ಎತ್ತಿದ ಹಾಗೆ.

"ಸರ್, ಈ ಸುರುಳಿ ಸುರುಳಿ ಗುರುತುಗಳನ್ನ ನಿಮ್ಮನ್ನ ಬಿಟ್ಟು ಯಾರು ಓದಬಲ್ಲರು?"

"ಮೈಸೂರಲ್ಲಿ ಇಬ್ಬರಿದ್ರು. ಸತ್ತುಹೋದ್ರು."

"ಈ ಕೆಂಪು ಗುರುತುಗಳನ್ನ ನೀವು ಕಳೆದ ವಾರ ಸೇರಿಸಿಲ್ಲ ಅಂತ ಹೇಗೆ ನಂಬೋದು?"

ಸಿಂಧು, ಇಷ್ಟು ವರ್ಷದಲ್ಲಿ ನನ್ನ ಬುಕ್ಕಿನ ಬಗ್ಗೆ ಆ ಮಾತು ಯಾರೂ ಆಡಿರ್ಲಿಲ್ಲ. ಅಂಪೈರುಗಳು ನನ್ನ ಬುಕ್ ನೋಡಿ ತಮ್ಮ ಲೆಕ್ಕ ತಿದ್ಕೋತಿದ್ರು. ಎದ್ದೆ, ಬಾಯಿಗೆ ಬಂದದ್ದು ಬೈದೆ, ಕನ್ನಡದಲ್ಲೇ. ಶಿವಕುಮಾರ ಕೈ ಹಿಡಿದು ಕೂರಿಸಿದ. ಜಡ್ಜಮ್ಮ "ಹತ್ತು ನಿಮಿಷ ಬ್ರೇಕ್" ಅಂದ್ರು.

ಬಾತ್‌ರೂಮಿಗೆ ಅಂತ ಕಾರಿಡಾರಲ್ಲಿ ಹೋದೆ. ಗೋಡೆ ತುಂಬ ಅವರ ಫೋಟೋ, ಕಪ್ಪು, ಬಾವುಟ. ಅವುಗಳ ಮಧ್ಯೆ ನೇತಾಡ್ತಿದೆ ನನ್ನ ಬಿನ್ನವತ್ತಳೆ! ಗಾಜಿನ ಫ್ರೇಮು, ಚಿನ್ನದ ಬಣ್ಣದ ಅಕ್ಷರ, ಮೂಲೆಯಲ್ಲಿ ಪೇಟ ಇಟ್ಕೊಂಡ ಟಾಡ್ ಫೋಟೋ. ಓದಿದೆ. ಎರಡನೇ ಪ್ಯಾರಾ ಎರಡು ಸಲ ಓದಿದೆ.

ಎಲ್ಲೂ ಬರೆದಿಲ್ಲ ಅಂತ ಇಬ್ಬರೂ ಒದ್ದಾಡ್ತಿದ್ವಲ್ಲ? ಬರೆದಿತ್ತು. ನಾನೇ ಬರೆದಿದ್ದೆ.

ನಿಜ ಹೇಳ್ಲಾ? ಬಾತ್‌ರೂಮಿಗೆ ಹೋಗಿ, ಕೈ ತೊಳ್ಕೊಂಡು, ಸುಮ್ನೆ ವಾಪಸ್ ಬಂದು ಕೂತೆ. ಅದನ್ನ ಓದಿದ್ರೆ ಟಾಡ್ ಜೊತೆ ನಾನೂ ಬೆತ್ತಲೆ. ಮೋಸವನ್ನ ಕಣ್ಣಾರೆ ನೋಡಿ, ಹೊಗಳಿ, ಜರಿ ಶಾಲು ಹೊದಿಸಿದ ಮುದುಕ ಅಂತ ಎಲ್ಲರಿಗೂ ಗೊತ್ತಾಗುತ್ತೆ. ಲಾಯರ್ ಮತ್ತೆ ಶುರು ಮಾಡಿದ. "ಮಿಸೆಸ್ ಶಿವಕುಮಾರ್, ನೀವು ಮಕ್ಕಳಿಗೆ ಸ್ಟ್ಯಾಟಿಸ್ಟಿಕ್ಸ್ ಹೇಳ್ಕೊಡ್ತೀರಿ ಅಲ್ವಾ? ಪ್ಯಾಟರ್ನ್ ಗುರುತಿಸೋದು ನಿಮಗೆ ಕಷ್ಟ ಅಲ್ಲ ಅಲ್ವಾ?"

ನಳಿನಾ ಮೇಜಿನ ಮೇಲೆ ಎರಡು ಕೈ ಇಟ್ಕೊಂಡಿದ್ಲು. ಅಂಗೈಯಲ್ಲಿ ಡೊಳ್ಳಿನ ಕೋಲು ಹಿಡಿದು ಗಟ್ಟಿಯಾದ ಜಾಗ ಇದೆ, ಅದನ್ನ ಹೆಬ್ಬೆರಳಲ್ಲಿ ತೀಡ್ತಿದ್ಲು.

ಎದ್ದು ಕಾರಿಡಾರಿಗೆ ಹೋದೆ. ಫ್ರೇಮನ್ನ ಮೊಳೆಯಿಂದ ಕಿತ್ತೆ. ತಂದು ಜಡ್ಜಮ್ಮನ ಮುಂದೆ ಇಟ್ಟೆ.

"ಇದು ಇವರ ಗೋಡೆ ಮೇಲಿತ್ತು. ನವೆಂಬರ್ ತಾರೀಖು ಇದೆ ನೋಡಿ. ನಾನು ದೂರು ಕೊಡೋಕೆ ಎರಡು ತಿಂಗಳು ಮುಂಚೆ."

ಲಾಯರ್ ಕುಣಿದ. ಇದೂ ಇವರದೇ ಭಾಷೆ, ಇವರೇ ಅರ್ಥ ಹೇಳಿದ್ರೆ ಒಪ್ಪಲ್ಲ ಅಂದ. ಜಡ್ಜಮ್ಮ ಅವನ ಕಡೆ ನೋಡ್ಲೂ ಇಲ್ಲ. ಕೋರ್ಟುಗಳಿಗೆ ದುಭಾಷಿಗಳನ್ನ ಕೊಡೋ ಕಡೆಗೆ ಫೋನ್ ಹಚ್ಚಿಸಿ ಸ್ಪೀಕರ್ ಹಾಕಿದ್ರು. ಇಪ್ಪತ್ತು ನಿಮಿಷ ಸಂಗೀತ ಬಂತು. ಆಮೇಲೆ ಡಲ್ಲಾಸಿಂದ ಒಬ್ಬ ಹೆಂಗಸು, ಮಂಗಳೂರು ಕಡೆ ದನಿ. ಶಿವಕುಮಾರ ಫೋಟೋ ಕಳಿಸಿದ. ಆ ತಾಯಿ ಮೊದಲು ಮನಸ್ಸಲ್ಲೇ ಓದಿಕೊಂಡ್ರು.

"ಇದು ಸ್ವಲ್ಪ ಹಳೆಯ ರೀತಿಯ ಕನ್ನಡ ಉಂಟು" ಅಂದ್ರು. "ಬರೆದವರು ತುಂಬಾ ಸಂತೋಷದಲ್ಲಿದ್ರು ಅಂತ ಕಾಣ್ತದೆ."

ನೆಲ ಬಾಯಿ ಬಿಡಬಾರದೇ ಅನ್ನಿಸ್ತು.

ಸಾಲು ಸಾಲಾಗಿ ಕನ್ನಡದಲ್ಲಿ ಓದಿ ಇಂಗ್ಲಿಷಲ್ಲಿ ಹೇಳಿದ್ರು. ನಾನು ಬರೆದಿದ್ದು ಹೀಗಿತ್ತು: "ಕ್ರೀಡಾಸಾಗರಕ್ಕೆ ಚಂದ್ರಮನಂತಿರುವ ಶ್ರೀಯುತ ಟಾಡ್ ಬ್ರೆನ್ನನ್ ಅವರೇ." ಆಕೆ ಅಂದ್ರು, "ಓ ಮೂನ್ ಟು ದಿ ಓಶನ್ ಆಫ್ ಸ್ಪೋರ್ಟ್ಸ್, ಮಿಸ್ಟರ್ ಟಾಡ್." ಲಾಯರ್‌ನ ಅಸಿಸ್ಟೆಂಟ್ ಮುಖ ಮುಚ್ಕೊಂಡು ನಕ್ಕ. ನಗಲಿ. ಎರಡನೇ ಪ್ಯಾರಾ ಬಂತು. "ಮೂರು ಟಿವಿಗಳ ಮುಂದೆ ತಪಸ್ವಿಯಂತೆ ಕುಳಿತು, ಎದುರಾಳಿಯ ಕೈಬೆರಳಿನ ಸಂಕೇತವನ್ನು ಎವೆಯಿಕ್ಕದೆ ಓದಿ, ನಮ್ಮ ಸೋದರಿಯ ಕಿವಿಯಲ್ಲಿ ಪ್ರತಿಯೊಂದು ಪೆಟ್ಟಿನ ಮುಹೂರ್ತವನ್ನೂ ತಾವೇ ನುಡಿದಿರಿ. ಕಾರಣವನ್ನು ಆಕೆ ಅರಿಯಳು, ಆದರೂ ತಾವು ನುಡಿಯದೆ ಒಂದು ಡೊಳ್ಳೂ ನುಡಿಯಲಿಲ್ಲ."

ಅದು ಇಂಗ್ಲಿಷಾದ ಮೇಲೆ ಯಾರೂ ನಗ್ಲಿಲ್ಲ. ಮುಹೂರ್ತ ಅನ್ನೋದಕ್ಕೆ ಆಕೆ ಎರಡು ಸಲ ತಡವರಿಸಿ "ದಿ ರೈಟ್ ಮೊಮೆಂಟ್" ಅಂದ್ರು. ಜಡ್ಜಮ್ಮ ಆ ಸಾಲನ್ನ ಇನ್ನೊಂದು ಸಲ ಓದಿಸಿದ್ರು. ಆಮೇಲೆ ಟಾಡ್ ಕಡೆ ತಿರುಗಿ, "ಈ ಮೂರು ಟಿವಿ ಎಲ್ಲಿದೆ?" ಅಂದ್ರು.

ಟಾಡ್ ಲಾಯರ್ ಮುಖ ನೋಡಿದ. ಲಾಯರ್ ಕಾಗದ ಜೋಡಿಸ್ತಿದ್ದ.

"ಯಾವ ಬಾಗಿಲು ಅಂತ ನಾನು ತೋರಿಸ್ತೀನಿ" ಅಂದೆ. "ನನಗೆ ಅಲ್ಲಿ ಕಾಫಿ ಕೊಟ್ಟಿದ್ದ."

ಜಡ್ಜಮ್ಮ ಎದ್ದು, ನಡ್ಕೊಂಡು ಬಂದು, ಬಾಗಿಲು ತೆಗೆಸಿ ನೋಡಿದ್ರು. ವಾಪಸ್ ಬರುವಾಗ ನನ್ನನ್ನ ಕೇಳಿದ್ರು, "ನೀವು ಇದನ್ನ ನವೆಂಬರ್‌ನಲ್ಲೇ ನೋಡಿದ್ರಿ. ಆಗ ಯಾಕೆ ಹೇಳ್ಲಿಲ್ಲ?"

"ನನಗೆ ಟೋಪಿ ಕೊಟ್ಟಿದ್ರು ಮೇಡಂ" ಅಂದೆ. ಅದನ್ನೂ ಬರ್ಕೊಂಡ್ರು.

ಮೂರು ವಾರಕ್ಕೆ ತೀರ್ಪು ಬಂತು. ಕಪ್ ಕಿತ್ಕೊಂಡ್ರು. ಟಾಡ್‌ಗೆ ಎರಡು ವರ್ಷ ಬ್ಯಾನು. ಕ್ಲಬ್ಬಿಗೆ ದಂಡ. ಡೊಳ್ಳಿನ ತಂಡದ್ದು ಯಾವ ತಪ್ಪೂ ಇಲ್ಲ ಅಂತ ಕ್ಲಬ್ಬಿನ ಮಾಲೀಕ ತನ್ನ ಸಹಿ ಹಾಕಿ ಪೇಪರಿಗೆ ಕೊಡ್ಬೇಕು, ನಳಿನಾಕ್ಷಿಯ ಪ್ರಿನ್ಸಿಪಾಲ್‌ಗೂ ಕಳಿಸ್ಬೇಕು. ಕಳಿಸಿದ. ಮೂರು ಸಾಲು, ಅದರಲ್ಲಿ ಎರಡು "ವಿಷಾದ".

ನಿನಗೆ ಸಾಕು ಅನ್ನಿಸ್ತಾ? ನನಗಿಲ್ಲ. ಪೆಟ್ಟು ಕೇಳ್ಕೊಂಡು ಬ್ಯಾಟ್ ಬೀಸಿದ ಆಟಗಾರರಿಗೆ ಏನಾಯ್ತು? ಏನೂ ಇಲ್ಲ. ಅದೇ ಯೂನಿಫಾರ್ಮು, ಅದೇ ಸಂಬಳ. ದೊಡ್ಡ ಲೀಗಲ್ಲಿ ಕೆಲವು ವರ್ಷದ ಹಿಂದೆ ಕಸದ ಡಬ್ಬಿ ಬಡಿದು ಇದೇ ಕೆಲಸ ಮಾಡಿದ್ರಲ್ಲ, ಅಲ್ಲೂ ಆಟಗಾರರಿಗೆ ಒಂದು ದಿನದ ಶಿಕ್ಷೆ ಆಗ್ಲಿಲ್ಲ. ಮೇಲಿನವರು ಮಾಡಿದ್ದನ್ನೇ ಇವರು ಮಾಡಿದ್ದು. ಗೆದ್ದೋರ ಕಪ್ ಕಿತ್ಕೋಬಹುದು, ಕೆಲಸ ಕಳ್ಕೊಂಡ ಆ ಹುಡುಗನಿಗೆ ಅವನ ಇನ್ನಿಂಗ್ಸ್ ಯಾರು ವಾಪಸ್ ಕೊಡ್ತಾರೆ? ಅವನ ಹೊಸ ಅಡ್ರೆಸ್ ಕೇಳಿ ಲೀಗಿಗೆ ಎರಡು ಸಲ ಬರೆದೆ. ಕೊಡಲ್ಲ ಅಂದ್ರು.

ಏಪ್ರಿಲಲ್ಲಿ ಡೊಳ್ಳು ತಗೊಂಡು ಬರೋಕೆ ನಾನೂ ನಳಿನಾನೂ ಸ್ಟೇಡಿಯಮ್ಮಿಗೆ ಹೋದ್ವಿ. ಬಾಡಿಗೆ ವ್ಯಾನಲ್ಲಿ ಕೇಳಿದೆ, ಕ್ಲಾಸು ಹೇಗಿದೆ ಅಂತ.

"ಆ ಹುಡುಗ ಮತ್ತೆ ಕೈ ಎತ್ತಿದ ಅಂಕಲ್. ನಿಮಗೆ ನಿಜವಾಗ್ಲೂ ಗೊತ್ತಿರ್ಲಿಲ್ವಾ ಅಂತ."

"ಏನಂದೆ?"

"ಗೊತ್ತಿರ್ಲಿಲ್ಲ, ಕೇಳ್ಬೇಕಿತ್ತು, ಕೇಳ್ಲಿಲ್ಲ ಅಂದೆ. ಕೈ ಇಳಿಸಿದ." ಒಂದು ಸಿಗ್ನಲ್ ದಾಟಿದ್ಮೇಲೆ ಅಂದ್ಲು, "ನೀವೂ ಅಷ್ಟೇ ಅಂಕಲ್. ನನ್ನನ್ನ ಕೇಳ್ಬೇಕಿತ್ತು."

"ಹೌದಮ್ಮ" ಅಂದೆ. ನನಗೆ ಹೌದು ಅನ್ನೋದು ಎಷ್ಟು ಕಷ್ಟ ಅಂತ ರಮಾಮಣಿನ ಕೇಳು.

ಟಾಡ್ ತನ್ನ ರೂಮು ಖಾಲಿ ಮಾಡ್ತಿದ್ದ. ಟಿವಿಗಳು ಹೋಗಿದ್ವು. ಕುರ್ಚಿ ಬೆನ್ನಿಗೆ ನನ್ನ ಮೆರೂನ್ ಶಾಲು ಹಾಕಿದ್ದ. ಚಳಿ ಜೋರಾದಾಗ ಹೊದ್ಕೋತಿದ್ನಂತೆ.

"ಕ್ರಿಶ್, ನೀನು ನನ್ನ ಸ್ನೇಹಿತ ಅಂದ್ಕೊಂಡಿದ್ದೆ" ಅಂದ.

"ಶಾಲು ಕೊಡು."

"ವಾಟ್?"

"ಶಾಲು. ವಾಪಸ್ ಕೊಡು. ಪೇಟ ಇಟ್ಕೋ, ಹಣ್ಣು ತಿಂದಾಯ್ತು. ಶಾಲು ಕೊಡು."

ಹೊದಿಸಿದ ಶಾಲನ್ನ ವಾಪಸ್ ಇಸ್ಕೊಂಡವನು ನಮ್ಮ ಕೂಟದ ಇತಿಹಾಸದಲ್ಲೇ ಇಲ್ಲ, ವಿಕ್ರಾಂತ್ ಅದನ್ನೇ ಊರೆಲ್ಲ ಹೇಳ್ಕೊಂಡು ತಿರುಗ್ತಿದಾನೆ, ನಿನ್ನ ಕಿವಿಗೂ ಬಿದ್ದಿರುತ್ತೆ. ಹೌದು, ಇಸ್ಕೊಂಡೆ. ಹೊದಿಸಿದವನೂ ನಾನೇ, ತೆಗೆದವನೂ ನಾನೇ. ಟಾಡ್ ಅದನ್ನ ಮಡಿಚಿ ಕೊಟ್ಟ. ಕೈ ಕುಲುಕೋಕೆ ಬಂದ. ನನ್ನ ಎರಡು ಕೈಯಲ್ಲೂ ಶಾಲು ಇತ್ತು.

ಹೊರಗೆ ಬಂದ್ರೆ ಸಣ್ಣ ಮಳೆ. ಪಾರ್ಕಿಂಗ್ ಲಾಟು ದೂರ. ನಳಿನಾ ಡೊಳ್ಳು ಎತ್ಕೊಂಡು ಬಾಗಿಲಲ್ಲಿ ನಿಂತಿದ್ಲು. ಚರ್ಮ ನೆಂದ್ರೆ ಹಾಳಾಗುತ್ತೆ. ನನ್ನ ಕೈ ನೋಡಿದ್ಲು.

"ಕೊಡಿ ಇಲ್ಲಿ" ಅಂತ ಶಾಲು ತಗೊಂಡು ಡೊಳ್ಳಿಗೆ ಎರಡು ಸುತ್ತು ಸುತ್ತಿ, ಜರಿ ಅಂಚನ್ನ ಒಳಗೆ ಸಿಕ್ಕಿಸಿ, ಹೊತ್ಕೊಂಡು ಮಳೆಯಲ್ಲಿ ನಡೆದೇಬಿಟ್ಲು. ಹನ್ನೊಂದು ಡೊಳ್ಳು, ಹನ್ನೊಂದು ಸಲ ಅದೇ ಶಾಲು. ನಾನು ವ್ಯಾನಿನ ಬಾಗಿಲು ಹಿಡ್ಕೊಂಡು ನಿಂತಿದ್ದೆ. ಕೊನೆಯದು ಬರುವಾಗ ಶಾಲಿನ ಬಣ್ಣ ಬಿಟ್ಟು ಅವಳ ತೋಳೆಲ್ಲ ಕೆಂಪಾಗಿತ್ತು.

"ಎಲ್ಲಿ ತಂದ್ರಿ ಅಂಕಲ್ ಇದನ್ನ? ಆ ಅಂಗಡಿಯವನೂ ಮೋಸ ಮಾಡಿದಾನೆ" ಅಂದ್ಲು.

ಆ ಎರಡು ಪ್ಯಾರಾ ಹರಿದುಹಾಕು, ಸಿಂಧು. ಇದನ್ನ ಹಾಕು. ವಿಕ್ರಾಂತ್ ಬೇಡ ಅಂದ್ರೆ ನನ್ನ ಫೋನ್ ನಂಬರ್ ಕೊಡು.